ಮಗ್ಗದ ಕುಣಿಯೊಳಗಿನ ವೈರು

ಫೆಬ್ರುವರಿ 4, ಮಂಗಳವಾರ

ಇವತ್ತು ಹುಬ್ಬಳ್ಳಿ ಆಫೀಸಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿಬಿಟ್ಟರು. ಈ ತಿಂಗಳ ಕೊನೆಗೆ ಆಫೀಸು ಬಂದ್. ಕೆಲಸ ಬೇಕಾದವರು ಮನೆಯಿಂದಲೇ ಫೋನ್ ಎತ್ತಬೇಕು. ಅದಕ್ಕೂ ಮೊದಲು, ಹದಿನೇಳನೇ ತಾರೀಖು ಸೋಮವಾರ, ಒಬ್ಬೊಬ್ಬರ ಮನೆಯ ಲೈನ್ ಪರೀಕ್ಷೆ ಮಾಡುತ್ತಾರೆ. ವೈಫೈ ನಡೆಯುವುದಿಲ್ಲ, ಲ್ಯಾಪ್‌ಟಾಪಿಗೆ ವೈರಿನಿಂದಲೇ ಇಂಟರ್‌ನೆಟ್ ಬರಬೇಕು. ವೈರು ನೆಲದ ಮೇಲೆ ಬಿದ್ದಿರಬಾರದು, ಗೋಡೆಯಲ್ಲೋ ಪೈಪಿನಲ್ಲೋ ಇರಬೇಕು, ಫೋಟೊ ಕಳಿಸಬೇಕು. ಹಿಂದೆ ಯಾವ ಸದ್ದೂ ಕೇಳಬಾರದು. ಒಂದು ತಪ್ಪಿದರೂ ಹೆಸರು ಕೈಬಿಡುತ್ತಾರಂತೆ.

ಟೀಮ್ ಲೀಡರ್ ಐಶ್ವರ್ಯಾ ಮೇಡಂ ನನ್ನ ಹತ್ತಿರ ಬಂದು, “ಮಮತಾ, ಲಾಕ್‌ಡೌನ್ ಟೈಮಿನ್ಯಾಗ ನಿಮ್ಮನ್ಯಾಗ ವೈರ್ ಹಾಕಿಸಿದ್ರಲ್ಲ, ಐತಲ್ಲ ಅದು? ನಿಮಗ ಫಸ್ಟ್ ಶಿಫ್ಟ್ ಇಟ್ಟಿರ್ತೀನಿ” ಅಂದರು. “ಐತ್ರಿ ಮೇಡಂ” ಅಂದುಬಿಟ್ಟೆ. ರೈಲು ಅಣ್ಣಿಗೇರಿ ದಾಟಿದ ಮೇಲೆ ಹೇಳಿದ್ದರ ಚಿಂತೆ ಹತ್ತಿತು. ಐತಿ ಅಂದೆ, ಸರಿ. ನಡೆಯುತ್ತದೋ ಇಲ್ಲವೋ ನೋಡಿದವರು ಯಾರು? ಅದನ್ನು ಮುಟ್ಟಿ ವರ್ಷಗಳೇ ಆದವು.

ವೈರಿನ ದಾರಿಯನ್ನು ಇಲ್ಲಿ ಬರೆದಿಟ್ಟರೆ ತಲೆ ಸ್ವಲ್ಪ ತಣ್ಣಗಾದೀತು. ಇಂಟರ್‌ನೆಟ್ ಡಬ್ಬಿ ಮುಂದಿನ ಕೋಣೆಯಲ್ಲಿ, ಬೀದಿಯ ಗೋಡೆಗೆ. ಅಲ್ಲಿ ಕೂತರೆ ಬೆಟಗೇರಿಯ ಆಟೋಗಳೆಲ್ಲ ನನ್ನ ಕಿವಿಯಲ್ಲೇ ಓಡುತ್ತವೆ. ನಡುವಿನ ಕೋಣೆಯಲ್ಲಿ ಮಾವನವರ ಮಗ್ಗ. ಹಿಂದಿನ ಕೋಣೆಯಲ್ಲಿ ನನ್ನ ಮೇಜು. ಗೋಡೆಗಳು ಮೊಳ ದಪ್ಪ, ವೈಫೈ ಮಗ್ಗದ ಕೋಣೆಯಲ್ಲೇ ಸತ್ತುಹೋಗುತ್ತದೆ. ಅದಕ್ಕೇ ನನ್ನ ಗಂಡ ವಿಶಾಲ್ ಅವಾಗ ಪೈಪು ಹೂತು ವೈರು ಎಳೆದಿದ್ದ. ಮುಂದಿನ ಕೋಣೆಯಿಂದ ನೆಲದೊಳಗೆ ಇಳಿದು, ಮಾವನವರು ಕಾಲು ಇಳಿಬಿಟ್ಟು ಕೂರುವ ಕುಣಿಯಲ್ಲಿ ಗೇಣುದ್ದ ಹೊರಗೆ ಕಂಡು, ಮತ್ತೆ ಇನ್ನೊಂದು ಪೈಪು ಹಿಡಿದು ನನ್ನ ಮೇಜಿನ ಕೆಳಗೆ ಬರುತ್ತದೆ.

ಅಂದರೆ ನನ್ನ ನೌಕರಿ ಮಗ್ಗದ ಕಾಲಡಿ ಬಿದ್ದಿದೆ. ವೈರು ನಡೆದರೂ ಆ ಲಟಕ್ ಪಟಕ್ ಸದ್ದಿಗೆ ಏನು ಮಾಡಲಿ? ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದೆ, “ಆ ಮಗ್ಗ ತಗದ ಒಗದ್ರ ಮನಿಗೆ ಒಂದೀಟ ಶಾಂತಿ ಸಿಗ್ತೈತಿ ಅಂತ ಹೇಳ್ರಿ ಅವ್ರಿಗೆ.” ಮಾವನ ಎದುರು ಸೊಸೆ ಬಾಯಿ ಬಿಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಮದುವೆಯಾಗಿ ಬಂದಾಗಿನಿಂದ ನನ್ನ ಮಾತು ಅತ್ತೆಯ ಬಾಯಿಂದ ಹೋಗುತ್ತದೆ, ಅವರ ಮಾತು ಅತ್ತೆಯ ಬಾಯಿಂದ ಬರುತ್ತದೆ. ಅತ್ತೆ ಮಗ್ಗದ ಕೋಣೆಗೆ ಹೋಗಿ ಬಂದು, “ಆತು, ನೋಡೂಣು ಅಂದ್ರು” ಅಂದರು.

ನೋಡೂಣು! ಮಿಕ್ಸರ್ ಕೆಟ್ಟು ರೇಗಿದ ಹೆಂಗಸರ ಬೈಗುಳ ಕೇಳುವ ಕೆಲಸ ನನ್ನದು, ದೊಡ್ಡದೇನಲ್ಲ. ಆದರೆ ಅಲ್ಲಿ ನಾನು ಹೇಳಿದ್ದನ್ನು ಜನ ನನ್ನ ಬಾಯಿಂದಲೇ ಕೇಳುತ್ತಾರೆ. ಅದು ಹೋದರೆ ನಾನು ಈ ಮನೆಯಲ್ಲಿ ಮೂಗಿಯಾಗಿಬಿಡುತ್ತೇನೆ.

ಫೆಬ್ರುವರಿ 5, ಬುಧವಾರ

ರಜೆ ಹಾಕಿದೆ. ಟ್ರಂಕಿನ ಹಿಂದೆ ವೈರಿನ ತುದಿ ಸಿಕ್ಕಿತು, ಜೇಡರ ಬಲೆ ಸಮೇತ. ಒರೆಸಿ ಲ್ಯಾಪ್‌ಟಾಪಿಗೆ ಚುಚ್ಚಿದೆ. ಏನೂ ಇಲ್ಲ. ತೆಗೆದು ಊದಿ ಮತ್ತೆ ಚುಚ್ಚಿದೆ. ಇನ್ನೊಂದು ತುದಿಯನ್ನು ಡಬ್ಬಿಯ ಬೇರೆ ಬೇರೆ ತೂತಿಗೆ ಹಾಕಿ ನೋಡಿದೆ. ವೈರು ಜೋಡಿಸಿಲ್ಲ ಅನ್ನುತ್ತದೆ ಲ್ಯಾಪ್‌ಟಾಪು, ಜೋಡಿಸಿದವಳ ಮುಖಕ್ಕೇ.

ಡಬ್ಬಿಯೇ ಕೆಟ್ಟಿರಬಹುದು ಅಂದುಕೊಂಡು ಲ್ಯಾಪ್‌ಟಾಪನ್ನು ಮುಂದಿನ ಕೋಣೆಗೆ ಒಯ್ದು ಗಿಡ್ಡ ವೈರಿನಿಂದ ಜೋಡಿಸಿದೆ. ತಕ್ಷಣ ದೀಪ ಹತ್ತಿತು. ಡಬ್ಬಿ ಸರಿ, ಲ್ಯಾಪ್‌ಟಾಪು ಸರಿ. ಸತ್ತಿರುವುದು ಹಳೆಯ ವೈರೇ.

ವಿಶಾಲ್‌ಗೆ ಫೋನ್ ಮಾಡಿದೆ. ಲಾರಿ ಸೊಲ್ಲಾಪುರದ ಹತ್ತಿರ ಇತ್ತು. “ಮಾಳಿಗಿ ಮ್ಯಾಲೆ ಹೊಸಾದ ಹಾಕಿಸಿಬಿಡು” ಅಂದ. ಮಾಳಿಗೆಯ ಮೇಲಿನ ಟಿವಿ ವೈರನ್ನು ಮಂಗಗಳು ಎಷ್ಟು ಸಲ ಹರಿದವು ಅನ್ನುವುದು ಅವನಿಗೆ ಮರೆತಿದೆ. ನಾನು ಫೋನಿನಲ್ಲಿ ಮಾತನಾಡುವಾಗ ಮಂಗ ಬಂದು ಲೈನ್ ಹರಿದರೆ ಐಶ್ವರ್ಯಾ ಮೇಡಂಗೆ ಏನಂತ ಹೇಳಲಿ?

ಇನ್ನೊಂದು ವಿಷಯ. ಮಾವನವರು ಸ್ನಾನಕ್ಕೆ ಹೋದಾಗ ಕುಣಿಯೊಳಗೆ ಬಗ್ಗಿ ನೋಡಿದೆ. ಕುಣಿಯ ಗೋಡೆಗೆ ಈಚೆಗೆ ಮಣ್ಣು ಮೆತ್ತಿದ್ದಾರೆ. ವೈರು ಕಾಣುವ ಜಾಗದಲ್ಲಿ ಹಳೆಯ ಧೋತರದ ಚೂರು ಸುತ್ತಿದೆ, ಬಿಗಿಯಾಗಿ. ಯಾಕೆ ಸುತ್ತಬೇಕು? ಮುಚ್ಚಿಡುವಂಥದ್ದು ಏನಿದೆ ಅಲ್ಲಿ?

ಲಾಕ್‌ಡೌನಿನಲ್ಲಿ ನನ್ನ ಫೋನು ಬಂದಾಗಲೆಲ್ಲ ಅವರು ಲಾಳಿ ಕೈಯಲ್ಲಿ ಹಿಡಿದು ಸುಮ್ಮನೆ ಕೂರಬೇಕಾಗಿತ್ತು. ಆ ಸಿಟ್ಟು ಹೋಗಿಲ್ಲ. ಅವರೇ ಕತ್ತರಿಸಿದ್ದಾರೆ. ಬರೆಯಬಾರದು, ಆದರೂ ಬರೆದೆ.

ಫೆಬ್ರುವರಿ 7, ಶುಕ್ರವಾರ

ಮುಂಡರಗಿಯಿಂದ ನಾದಿನಿ ಸುನಿತಾಳ ಫೋನು. ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಿದ್ದಾಳೆ. ಅತ್ತೆ ಎರಡು ಸೀರೆ ಚೀಲಕ್ಕೆ ತುರುಕಿ ಬಸ್ ಹತ್ತಿದರು. ಹೋಗುವಾಗ, “ಅವ್ರಿಗೆ ಕಂಡಿಕಿ ಸುತ್ತಿ ಇಟ್ಟಿರು, ಲಾಳಿ ಬರಿದಾದ್ರ ಸಿಡಿಮಿಡಿ ಮಾಡ್ತಾರ” ಅಂದರು. ಸರಿ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು ಬೇರೆ ನನ್ನ ತಲೆಗೆ ಬಂತು.

ಅವರು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ, ನಡುವೆ ಮಾತು ಒಯ್ಯುವವರಿಲ್ಲ. ಮಧ್ಯಾಹ್ನ ಮಗ್ಗದ ಕೋಣೆಯ ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತು ಗೋಡೆಗೆ ಹೇಳಿದೆ, “ರೊಟ್ಟಿ ಆಗ್ಯಾವ.” ಒಳಗಿನಿಂದ ಒಂದು ಕೆಮ್ಮು ಬಂತು. ಸಂಜೆ ಅವರು ಮಗ್ಗಕ್ಕೆ ಹೇಳಿದ್ದು ಕೇಳಿಸಿತು, “ಕಂಡಿಕಿ ತೀರ್ಯಾವಪಾ.” ಸುತ್ತಿ ಹೊಸ್ತಿಲ ಮೇಲೆ ಇಟ್ಟುಬಂದೆ. ಗೋಡೆ ಮತ್ತು ಮಗ್ಗ ಮಾತನಾಡಿಕೊಳ್ಳುವ ಮನೆ ಇದು.

ಫೆಬ್ರುವರಿ 10, ಸೋಮವಾರ

ರಾತ್ರಿ ನಿದ್ದೆ ಬರುತ್ತಿಲ್ಲ. ರೈಲಿನಲ್ಲಿ ಬಾಯಿ ತೆರೆದು ಮಲಗುತ್ತೇನೆ.

ಅವಾಗ ವಿಶಾಲ್‌ಗೆ ವೈರು ಕೊಟ್ಟಿದ್ದ ಮಹಬೂಬಸಾಬನಿಗೆ ಫೋನ್ ಮಾಡಿದೆ. ಶಿರಹಟ್ಟಿಯ ಒಂದು ಶಾಲೆಯಲ್ಲಿ ಕೆಲಸ ಹಿಡಿದಿದ್ದಾನಂತೆ, ರವಿವಾರದವರೆಗೆ ಬರಲಾಗುವುದಿಲ್ಲ. ರವಿವಾರ ಅಂದರೆ ಹದಿನಾರು. ಮರುದಿನವೇ ಪರೀಕ್ಷೆ. ಹಾಗಾದರೆ ನನ್ನ ಗತಿಯೇನು ಅಂತ ಎರಡು ಸಲ ಕೇಳಿದೆ. “ಗಾಬರಿ ಆಗಬ್ಯಾಡ್ರಿ ಅಕ್ಕಾರ. ಅಂಗಡ್ಯಾಗ ಟೆಸ್ಟರ್ ಐತಿ, ತಗೊಂಡ ಹೋಗ್ರಿ. ವೈರ್ ಪೂರಾ ಸತ್ತೈತೋ, ಜೀವ ಐತೋ, ಮೊದಲ ನೋಡ್ರಿ” ಅಂದ.

ಹೋಗಿ ಆ ಟೆಸ್ಟರ್ ತಂದೆ. ಅಂಗೈಯಗಲದ ಎರಡು ಡಬ್ಬಿ. ವೈರಿನ ಈ ತುದಿಗೆ ಒಂದು, ಆ ತುದಿಗೆ ಒಂದು. ವೈರಿನೊಳಗೆ ಎಂಟು ಎಳೆ, ಡಬ್ಬಿಯ ಮೇಲೆ ಎಂಟು ದೀಪ. ಯಾವ ಎಳೆ ನೆಟ್ಟಗಿದೆಯೋ ಆ ದೀಪ ಹತ್ತುತ್ತದೆ. ಎರಡೂ ಕಡೆ ಒಬ್ಬೊಬ್ಬರು ನಿಂತು ಕೂಗಿ ಹೇಳಬೇಕು. ಪಕ್ಕದ ಮನೆಯ ನಾಗರತ್ನಾಳನ್ನು ಕರೆಯೋಣ ಅಂದರೆ ಅವಳು ಲಕ್ಷ್ಮೇಶ್ವರಕ್ಕೆ ಮದುವೆಗೆ ಹೋಗಿದ್ದಾಳೆ. ನನ್ನ ಹಣೆಬರಹ.

ಫೆಬ್ರುವರಿ 11, ಮಂಗಳವಾರ

ಆಫೀಸಿನಿಂದ ಬೇಗ ಬಂದೆ. ನಾಗರತ್ನಾ ಇನ್ನೂ ಬಂದಿಲ್ಲ. ಟೆಸ್ಟರಿನ ಒಂದು ಡಬ್ಬಿಯನ್ನು ಮುಂದಿನ ಕೋಣೆಯ ತುದಿಗೆ ಸಿಕ್ಕಿಸಿ, ಬಾಗಿಲಲ್ಲಿ ನಿಂತು ಗೋಡೆಗೆ ಹೇಳಿದೆ, “ಈ ಡಬ್ಬ್ಯಾಗ ದೀಪ ಹತ್ತೂದು ಯಾರರ ನೋಡಿದ್ರ ಚಲೋ ಆಗ್ತಿತ್ತು.” ಮಗ್ಗ ನಿಂತಿತು. ಮಾವನವರು ಕುಣಿಯಿಂದ ಮೇಲೆದ್ದು ಮೊಣಕಾಲು ಹಿಡಿದುಕೊಂಡು ಹೋಗಿ ಡಬ್ಬಿಯ ಮುಂದೆ ಕೂತರು.

ನಾನು ಹಿಂದಿನ ಕೋಣೆಯಲ್ಲಿ ಬಟನ್ ಒತ್ತಿದೆ. ನನ್ನ ಡಬ್ಬಿಯಲ್ಲಿ ದೀಪಗಳು ಒಂದರ ಹಿಂದೊಂದು ಓಡಿದವು.

“ಏನರ ಹತ್ತೇತೇನ್ರಿ?”

“ಇಲ್ಲ.”

“ಈಗ ನೋಡ್ರಿ.”

“ಇಲ್ಲ ಯವ್ವಾ. ಒಂದೂ ಹತ್ತವಲ್ದು.”

ಎಂಟರಲ್ಲಿ ಒಂದಾದರೂ! ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಗ ಮುಂದಿನ ಕೋಣೆಯಿಂದ ಅವರ ದನಿ ಬಂತು, “ಎಂಟೂ ಎಳಿ ಬಣ್ಣಕ್ಕ ಬಣ್ಣ ಹಚ್ಚಿ ಕೂಡ್ಸೀನಲ್ಲ. ಯಾಕ ಹತ್ತವಲ್ವು?”

ಕುಣಿಯೊಳಗೆ ಇಳಿದು ಧೋತರದ ಚೂರು ಬಿಚ್ಚಿ ತೋರಿಸಿದರು. ಮೊಣಕಾಲು ನೋವು ಜಾಸ್ತಿಯಾಗಿ, ಕಾಲು ಚಾಚಲೆಂದು ಕುಣಿಯನ್ನು ಇನ್ನಷ್ಟು ಆಳ ಅಗೆದಿದ್ದಾರೆ. ಸಲಿಕೆ ವೈರಿಗೆ ಬಿದ್ದು ಎರಡು ತುಂಡಾಗಿದೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆ ಹರಿದರೆ ಹೇಗೆ ಕೂಡಿಸುತ್ತಾರೋ ಹಾಗೇ ಕೂಡಿಸಿದ್ದಾರೆ. ಕಿತ್ತಳೆಗೆ ಕಿತ್ತಳೆ, ಹಸಿರಿಗೆ ಹಸಿರು, ಬಿಳಿಪಟ್ಟೆಯದಕ್ಕೆ ಬಿಳಿಪಟ್ಟೆಯದು. ಎಂಟು ಗಂಟು, ಸಾಸಿವೆಯಷ್ಟು ಸಣ್ಣವು, ಸೀರೆಯಲ್ಲಾದರೆ ಕಣ್ಣಿಗೇ ಬೀಳುತ್ತಿರಲಿಲ್ಲ. ಮೇಲಿನ ಪ್ಲಾಸ್ಟಿಕ್ ಮಾತ್ರ ಸುಲಿದೇ ಇಲ್ಲ.

ನನಗೆ ನಗು ಬಂತು, ಅದರ ಬೆನ್ನಿಗೇ ಅಳು. “ಮಾವಾರ, ಕರೆಂಟ್ ಹೋಗೂದು ಒಳಗಿನ ತಾಮ್ರದಾಗ. ತಾಮ್ರಕ್ಕ ತಾಮ್ರ ಮುಟ್ಟಬೇಕ್ರಿ. ಪ್ಲಾಸ್ಟಿಕ್ ಅದನ್ನ ತಡೀತೈತಿ.”

ಅವರು ಒಂದು ಗಂಟನ್ನು ಉಗುರಿನಿಂದ ಕೆರೆದು ನೋಡಿದರು. “ಅಂದ್ರ ನಾ ಬರೇ ಅಂಗಿಗೆ ಅಂಗಿ ಕಟ್ಟೇನಿ ಅನ್ನು. ಒಳಗಿನ ಮಂದಿ ಒಬ್ರಿಗೊಬ್ರು ಮುಟ್ಟೇ ಇಲ್ಲ.”

ಸಿಟ್ಟಿನಿಂದ ಕತ್ತರಿಸಿದ್ದಾರೆ ಅಂತ ನಾನು ಐದನೇ ತಾರೀಖು ಬರೆದದ್ದು ಸುಳ್ಳು. ಹೊಡೆದುಹಾಕೋಣ ಅಂದುಕೊಂಡೆ, ಹಾಗೇ ಬಿಟ್ಟೆ. ಈಗ ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ.

ಫೆಬ್ರುವರಿ 13, ಗುರುವಾರ

ನಿನ್ನೆ ಮತ್ತು ಇವತ್ತು ಕುಣಿಯ ಅಂಚಿನಲ್ಲಿ ಕೂತು ಎಳೆಗಳನ್ನು ಸುಲಿದೆವು. ನಾನು ಹಲ್ಲಿನಿಂದ ಸುಲಿಯಲು ಹೋದರೆ ಅವರು ತಮ್ಮ ಪುಟ್ಟ ಕತ್ತರಿ ಕೊಟ್ಟರು. ತಾಮ್ರ ಕಪ್ಪಗಾಗಿದೆ, ಕುಣಿಯ ಥಂಡಿಗೆ. ತಿಕ್ಕಿ ಹೊಸೆದು ಟೆಸ್ಟರ್ ಹಚ್ಚಿದರೆ ಒಂದು, ಎರಡು, ಐದು ಹತ್ತಿದವು. ಕೂಗಿಬಿಟ್ಟೆ. ಅವರು ಮಗ್ಗದ ಹಲಗೆಯನ್ನು ಒಮ್ಮೆ ತುಳಿದು ನೋಡಿದರು. ಆ ಅದುರಿಗೆ ಎಲ್ಲ ಆರಿಹೋದವು. ಮತ್ತೆ ಹೊಸೆದೆವು, ಈ ಸಲ ಮೂರು ಮತ್ತು ಏಳು ಮಾತ್ರ.

ಮಹಬೂಬಸಾಬ ಫೋನಿನಲ್ಲೇ ತಲೆ ಚಚ್ಚಿಕೊಂಡ. “ಥಂಡಿ ತಿಂದ ತಾಮ್ರ ನಂಬಬ್ಯಾಡ್ರಿ ಅಕ್ಕಾರ. ಇವತ್ತ ನಡದ್ರ ನಾಳೆ ಕೈ ಕೊಡ್ತೈತಿ. ರವಿವಾರ ಹೊಸಾ ವೈರ್ ತರ್ತೀನಿ. ಹಳೇದರ ಬಾಲಕ್ಕ ಹೊಸಾದರ ತಲಿ ಕಟ್ಟಿ ಜಗ್ಗಿದ್ರ ಪೈಪಿನ್ಯಾಗ ತಾನ ಬರ್ತೈತಿ. ಆದ್ರ ಹಳೇದು ಅಖಂಡ ಇರಬೇಕಿತ್ತು. ನಡುವ ಜಾಯಿಂಟ್ ಐತಿ ಅಂತೀರಿ. ಪೈಪಿನ್ಯಾಗ ಅದು ಹರದ್ರ ಮಗ್ಗ ಎತ್ತಿ ನೆಲಾ ಅಗೀಬೇಕು.”

ಮಗ್ಗದ ಮೇಲೆ ಹರ್ತಿಯ ಒಂದು ಮದುವೆ ಮನೆಯ ಸೀರೆ ಅರ್ಧಕ್ಕೆ ಬಂದಿದೆ. ಮಗ್ಗ ಎತ್ತಬೇಕಾದರೆ ಹಾಸು ಕತ್ತರಿಸಬೇಕು, ಸೀರೆ ಅಲ್ಲಿಗೇ ಹಾಳು.

ಫೆಬ್ರುವರಿ 15, ಶನಿವಾರ

ಹೊಸೆದ ಎಳೆಗಳನ್ನು ಮಾವನವರು ಮತ್ತೆ ಬಿಚ್ಚಿ, ಕಪ್ಪಾದ ತಾಮ್ರ ಕತ್ತರಿಸಿ ಒಗೆದು, ಪ್ಲಾಸ್ಟಿಕ್ ಸಮೇತ ಒಂದೊಂದನ್ನೇ ಗಂಟು ಹಾಕಿದರು. “ಜಗ್ಗಾಕ ಅಂಗಿ ಸಾಕಲ್ಲ?” ಅಂದರು. ನಾನು ಪಕ್ಕದಲ್ಲಿ ಕೂತು ಕಂಡಿಕೆ ಸುತ್ತಿದೆ. ಕೈಗೆ ಕೆಲಸವಿದ್ದರೆ ಎದೆ ಸ್ವಲ್ಪ ಸುಮ್ಮನಿರುತ್ತದೆ. ಒಂದೇ ಗಂಟಿನ ಸಾಲಾದರೆ ಪೈಪಿನ ಮೂಲೆಯಲ್ಲಿ ಸಿಗುತ್ತದೆಂದು ಒಂದು ಗಂಟು ಮುಂದೆ, ಒಂದು ಹಿಂದೆ ಬರುವಂತೆ ಹಾಕಿದರು.

“ಮಾವಾರ, ಹರದ್ರ?”

“ಹರದ್ರ ಹಾಸು ಕೊಯ್ಯೂಣು.”

ಎಷ್ಟು ಸಲೀಸಾಗಿ ಅಂದರು! ಮುಂಜಾನೆಯಿಂದ ಸಂಜೆಯವರೆಗೆ ಕಣ್ಣು ಕಿರಿದು ಮಾಡಿಕೊಂಡು ನೇಯ್ದದ್ದು. ಅದನ್ನು ಕೊಯ್ದರೆ ಹರ್ತಿಯವರಿಗೆ ಏನು ಮುಖ ತೋರಿಸುತ್ತಾರೆ? “ಕೊಯ್ಯೂದು ಬ್ಯಾಡ್ರಿ. ಹರದ್ರ ನನ್ನ ನೌಕರಿ ಹೋಗ್ಲಿ” ಅಂದೆ. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಇದೇನು ಬಾಯಿಗೆ ಬಂತು? ಅವರು, “ಹುಚ್ಚಿ, ಗಂಟ ಹಾಕಿದಾವ ನಾನು. ಹರಿಯೂದಿಲ್ಲ” ಅಂದರು. ಆದರೆ ಆಮೇಲೆ ಅವರೂ ಪ್ರತಿಯೊಂದು ಗಂಟನ್ನೂ ಎರಡೆರಡು ಸಲ ಎಳೆದು ನೋಡಿದರು.

ಫೆಬ್ರುವರಿ 16, ರವಿವಾರ

ಮಹಬೂಬಸಾಬ ಮುಂಜಾನೆಯೇ ಬಂದ. ಮುಂದಿನ ಕೋಣೆಯಲ್ಲಿ ಅವನು ಹೊಸ ವೈರು ಬಿಡುವವನು, ಕುಣಿಯಲ್ಲಿ ಮಾವನವರು, ಹಿಂದಿನ ಕೋಣೆಯಲ್ಲಿ ಜಗ್ಗುವವಳು ನಾನು. ಮೊದಲ ಪೈಪಿನಲ್ಲಿ ಸರಾಗವಾಗಿ ಬಂತು. ಗಂಟುಗಳು ಎರಡನೇ ಪೈಪಿನೊಳಗೆ ಹೋಗುವಾಗ ಮಾವನವರು ಸಾಬೂನಿನ ನೊರೆ ಹಚ್ಚಿ ಒಳಗೆ ಕಳಿಸಿದರು. ಎಳೆದೆ, ಬಂತು, ಮತ್ತೆ ಎಳೆದೆ. ಆಮೇಲೆ ನಿಂತಿತು. ಗಟ್ಟಿ, ನೆಲವೇ ಹಿಡಿದುಕೊಂಡಂತೆ.

“ಜಗ್ರಿ ಅಕ್ಕಾರ!” ಮಹಬೂಬಸಾಬ ಅಲ್ಲಿಂದ ಕೂಗಿದ.

“ಜಗ್ಗಬ್ಯಾಡ!” ಮಾವನವರು. “ಸಡ್ಲ ಬಿಡು. ಪೂರಾ ಸಡ್ಲ.”

ಬಿಟ್ಟೆ. ಅವರು ಕುಣಿಯಿಂದ ವೈರನ್ನು ಹಿಂದಕ್ಕೆ ಎಳೆದುಕೊಂಡರು. ನನ್ನ ಬೆವರು ಕಣ್ಣಿಗಿಳಿಯುತ್ತಿತ್ತು. ಹರಿದೇಹೋಯಿತು ಅನ್ನಿಸಿತು. ಎಲ್ಲ ಮುಗಿಯಿತು ಅಂದುಕೊಂಡೇ ಕೂತಿದ್ದೆ.

“ಈಗ. ಸಾವಕಾಶ. ಸೂಜಿ ಕಣ್ಣಾಗ ಎಳಿ ಹಾಕಿದಂಗ ಹಗೂರಕ ಜಗ್ಗು ಯವ್ವಾ.”

ಜಗ್ಗಿದೆ. ಏನೋ ಒಂದು ಮೂಲೆ ತಿರುಗಿದ್ದು ಬೆರಳಿಗೆ ಗೊತ್ತಾಯಿತು. ಮೇಜಿನ ಕೆಳಗಿನ ತೂತಿನಿಂದ ಗಂಟುಗಳು ಒಂದೊಂದಾಗಿ ಹೊರಬಂದವು, ಕೆಸರು ಮೆತ್ತಿಕೊಂಡು, ಒಂದೂ ಬಿಚ್ಚಿಲ್ಲ. ಅವುಗಳ ಹಿಂದೆ ಹಳೆಯ ವೈರಿನ ಉಳಿದ ಭಾಗ, ಕೊನೆಗೆ ಹೊಸ ವೈರಿನ ತಲೆ, ಬೆಳ್ಳಗೆ.

ಟೆಸ್ಟರ್ ಹಚ್ಚಿದಾಗ ಮಾವನವರು ಮುಂದಿನ ಕೋಣೆಯಿಂದ ಒಂದೊಂದೇ ಎಣಿಸಿದರು. ಎಂಟು ಅನ್ನುವಷ್ಟರಲ್ಲಿ ನಾನು ಅಳುತ್ತಿದ್ದೆ. ಮಹಬೂಬಸಾಬ ಚಹಾ ಕುಡಿದು, ಆ ಗಂಟಿನ ತುಂಡು ತನಗೆ ಬೇಕು ಅಂತ ಜೇಬಿಗೆ ಹಾಕಿಕೊಂಡು ಹೋದ.

ಫೆಬ್ರುವರಿ 17, ಸೋಮವಾರ

ಲೈನ್ ಪಾಸಾಯಿತು! ಫೋಟೊ ಸರಿ. ಒಂದು ನಿಮಿಷ ಯಾರೂ ಮಾತನಾಡದೆ ಸದ್ದಿನ ಪರೀಕ್ಷೆಯೂ ಆಯಿತು. ಮಗ್ಗದ ಕೋಣೆಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ನೋಡಿದರೆ ಕೆಮ್ಮು ಬರಬಾರದೆಂದು ಬಾಯಿ ತುಂಬ ಟವಲ್ ತುರುಕಿಕೊಂಡಿದ್ದರು.

ಐಶ್ವರ್ಯಾ ಮೇಡಂ, “ಫಸ್ಟ್ ಶಿಫ್ಟ್ ಬರ್ಕೊಳ್ಳಲೇನ್ರಿ?” ಅಂದರು. ಎರಡನೆಯದು ಕೊಡಿ ಅಂದೆ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು, ಯಾರಿಗೂ ಬೇಡವಾದದ್ದು. ರಾತ್ರಿ ಊಟದ ಹೊತ್ತಿಗೆ ಮಿಕ್ಸರ್ ಕೆಟ್ಟವರ ಬಾಯಿ ಬಹಳ ಕೆಟ್ಟದ್ದು. “ಯಾಕ್ರಿ ಮಮತಾ?” ಅಂತ ಎರಡು ಸಲ ಕೇಳಿದರು. ಮುಂಜಾನೆಯ ಬೆಳಕು ಮಗ್ಗಕ್ಕೆ ಬೇಕಲ್ಲ, ಅದರಲ್ಲಿ ಕೇಳುವುದೇನಿದೆ?

ವಿಶಾಲ್‌ಗೆ ಫೋನ್ ಮಾಡಿದೆ. ನಾಳೆ ನಾನು ಆಫೀಸಿಗೆ ಹೋಗಿ ನನ್ನ ಚಹಾದ ಕಪ್ಪು, ಚಪ್ಪಲಿ ತರಬೇಕು.

ಫೆಬ್ರುವರಿ 19, ಬುಧವಾರ

ಮನೆಯ ಶಿಫ್ಟು ಸೋಮವಾರದಿಂದ, ಅಲ್ಲಿಯವರೆಗೆ ರಜೆ. ಮಧ್ಯಾಹ್ನ ಅತ್ತೆ ಬಂದರು. ಸುನಿತಾಳ ಕೈ ಕೂಡುತ್ತಿದೆಯಂತೆ. ಚೀಲ ಇಳಿಸಿ ನೇರ ಅಡುಗೆಮನೆಗೆ ಬಂದು, “ತಡಿ, ಊಟಕ್ಕ ಬರಾಕ ಅವ್ರಿಗೆ ಹೇಳಿ ಬರ್ತೀನಿ” ಅಂದರು. ನಾನು ರೊಟ್ಟಿ ಮಗುಚುತ್ತ, “ಮಾವಾರ, ಬರ್ರಿ, ರೊಟ್ಟಿ ಆರಿ ಹೋಗ್ತಾವ” ಅಂತ ಕೂಗಿದೆ. “ಬಂದೆ ಯವ್ವಾ” ಅಂದರು ಅವರು.

ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. “ಯಾವಾಗಿಂದ ನಡದೈತಿ ಇದು?” ಅಂತ ಕೇಳಿದರು. ಯಾವ ದಿನ ಅಂತ ನನಗೆ ಹೊಳೆಯಲಿಲ್ಲ. ವೈರಿನ ಕಥೆಯನ್ನೆಲ್ಲ ಹೇಳಿದೆ. ಸಲಿಕೆ ಬಿದ್ದದ್ದು, ಗಂಟು ಹಾಕಿದ್ದು, ಟವಲ್ ತುರುಕಿಕೊಂಡದ್ದು. ಅತ್ತೆ ನಗಲಿಲ್ಲ. ಮಾವನವರು ಊಟ ಮಾಡಿ ಎದ್ದುಹೋದ ಮೇಲೆ ತಾವು ತಾಟು ಹಾಕಿಕೊಂಡರು.

ಆಮೇಲೆ ಹೇಳಿದರು, “ವೈರ್ ಕೊಯ್ದದ್ದು ನಿನಗ ಹೇಳು ಅಂತ ಅವ್ರು ಅವತ್ತ ನನಗ ಹೇಳಿದ್ರು, ಮಮತಾ. ನಾ ಹೇಳಲಿಲ್ಲ.”

“ಯಾಕ್ರಿ ಅತ್ತಿ?”

“ಹೇಳಿದ್ರ ನೀ ಸಿಟ್ಟೀಲೆ ಏನರ ಅಂತಿದ್ದಿ. ಅದನ್ನ ಅವ್ರಿಗೆ ಮುಟ್ಟಸಾಕೂ ನಾನ ಬೇಕು. ಅದಕ್ಕ ಅವ್ರು ತಿರುಗಿ ಒಂದ ಅಂತಿದ್ರು.” ತಾಟಿನಲ್ಲಿದ್ದ ರೊಟ್ಟಿಯ ಚೂರನ್ನು ಮುರಿಯುತ್ತ ಕೂತರು. “ಎಲ್ಲಾ ಒಯ್ದಿದ್ರ ಈ ಮನಿ ಯಾವಾಗೋ ಎರಡ ಆಗ್ತಿತ್ತು. ನೀವಿಬ್ರೂ ಅಂದದ್ದ ಅರ್ಧ ನನ್ನ ಹೊಟ್ಟ್ಯಾಗ ಐತಿ. ಈಗ ನಿಮ್ಮ ನಿಮ್ಮೊಳಗ ಮಾತು ಹತ್ಯಾವ. ನಾ ಅದನ್ನ ಎಲ್ಲಿ ಇಡ್ಲಿ?”

ಅವರ ಕಣ್ಣು ತುಂಬಿತ್ತು. ನಾನು ಕೇಳಿದೆ, “ಅದರಾಗ ನಾ ಅಂದದ್ದೂ ಐತೇನ್ರಿ?”

“ನಿಂದ ಜಾಸ್ತಿ” ಅಂದರು ಅತ್ತೆ.

ಮಗ್ಗದ ಕೋಣೆಯಲ್ಲಿ ಸದ್ದು ಮತ್ತೆ ಶುರುವಾಯಿತು. ನಾನು ಅತ್ತೆಯ ತಾಟಿಗೆ ಬಿಸಿ ರೊಟ್ಟಿ ಹಾಕಿ, ಎದುರಿಗೆ ಕೂತೆ.